ಕೇತಿಗೆ ನಾನು ಬರಿಸಿದ ಜ್ವರ

ಇವತ್ತು ಮೊಮ್ಮಗನ ಶಾಲೆಗೆ ಹೋಗಿದ್ದೆ. ಮಕ್ಕಳು ಗುಂಪಾಗಿ ಕೂತು ಹುಣಿಸೆಬೀಜದಲ್ಲಿ ಲೆಕ್ಕದ ಆಟ ಆಡುತ್ತಿದ್ದರು. ನಾನು ಬಾಗಿಲಲ್ಲೇ ನಿಂತುಬಿಟ್ಟೆ.

ತಾಳವಾಡಿ ಬೆಟ್ಟದ ನಮ್ಮೂರ ಶಾಲೆಯಲ್ಲೂ ಮೇಷ್ಟ್ರು ಇದೇ ಆಟ ಆಡಿಸುತ್ತಿದ್ದರು. ಪಂಚೆ ಎತ್ತಿ ಕಟ್ಟಿ ನಮ್ಮ ಜೊತೆ ನೆಲದಲ್ಲೇ ಕೂರುತ್ತಿದ್ದರು. ಅವರು ಒಂದು ಸಂಖ್ಯೆ ಹೇಳಿದರೆ, ಗುಂಪಿನವರೆಲ್ಲ ಮಾತಾಡದೆ ತಂತಮ್ಮ ಬೀಜ ನಡುವೆ ಇಟ್ಟು ಅಷ್ಟು ಕೂಡಿಸಬೇಕು. ನಮ್ಮ ಗುಂಪಿನಲ್ಲಿ ಸೋಲಿಗರ ಹುಡುಗಿ ಕೇತಿ ಇದ್ದಳು. ಅವಳು ಎಲ್ಲರ ಬೀಜ ನೋಡಿ, ಯೋಚಿಸಿ ಇಡುವಷ್ಟರಲ್ಲಿ ಬೇರೆ ಗುಂಪು ಗೆದ್ದಿರುತ್ತಿತ್ತು.

ಒಂದು ಸಂಜೆ ಅವಳಿಗೆ ಅಂದೆ: "ನಾಳಿಕೆ ಬರಬ್ಯಾಡ ಕಣೆ. ನೀ ಬಂದ್ರೆ ನಾವು ಸೋತೋಯ್ತೀವಿ."

ಅವಳು ಬರಲಿಲ್ಲ. ನಾವು ಗೆದ್ದೆವು.

"ಕೇತಿ ಎಲ್ಲವ್ವ?" ಅಂದರು ಮೇಷ್ಟ್ರು.

"ಜರ ಸಾ, ಮಲಗವ್ಳೆ" ಅಂದುಬಿಟ್ಟೆ.

ಶಾಲೆ ಬಿಟ್ಟ ಮೇಲೆ ಮೇಷ್ಟ್ರು ಜ್ವರದ ಮಾತ್ರೆ ಹಿಡಿದು, ನನ್ನನ್ನೂ ಕರೆದುಕೊಂಡು ಕಾಡಂಚಿನ ಅವಳ ಮನೆಗೆ ಹೊರಟರು. ದಾರಿಯುದ್ದಕ್ಕೂ ನಾನು ಅವರ ಹಿಂದೆಯೇ ಉಳಿದೆ. ಕೇತಿ ಅಂಗಳದಲ್ಲಿ ಸೌದೆ ಮುರಿಯುತ್ತಿದ್ದಳು.

"ಜರ ಎಂಗದವ್ವ?" ಅಂದರು ಮೇಷ್ಟ್ರು.

ಅವಳು ನನ್ನ ಮುಖ ನೋಡಿದಳು. "ಈಗ ಬುಟ್ಟದೆ ಸಾ" ಅಂದಳು. ಮೇಷ್ಟ್ರು ಕೊಟ್ಟ ಕಹಿ ಮಾತ್ರೆಯನ್ನು ನನ್ನೆದುರೇ ನುಂಗಿದಳು. ಮಾರನೆಯ ದಿನ ಬಂದು ನನ್ನ ಪಕ್ಕದಲ್ಲೇ ಕೂತಳು. ಆ ದಿನದ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಈಗಲೂ ಸಂತೆಯಲ್ಲಿ ಸಿಕ್ಕರೆ ಕೇತಿಯೇ ಮೊದಲು ಕೈ ಹಿಡಿದು ಮಾತಾಡಿಸುತ್ತಾಳೆ. ನಾನು ಅವಳ ಮಕ್ಕಳ ಸುದ್ದಿ ಕೇಳುತ್ತೇನೆ. ಆಮೇಲೆ, ಬಸ್ಸಿಗೆ ಹೊತ್ತಾಯ್ತು ಅಂತ ಹೇಳಿ ಹೊರಟುಬಿಡುತ್ತೇನೆ.