ಮೇಷ್ಟ್ರ ನಾಲ್ಕನೆಯ ಮೇಲ್

ಎಲ್ಲರೂ ಅವರನ್ನು ಮೇಷ್ಟ್ರು ಎನ್ನುತ್ತಿದ್ದರು. ಹಾಗೆಂದು ಅವರು ಯಾವ ಶಾಲೆಯಲ್ಲೂ ಒಂದು ದಿನ ಪಾಠ ಹೇಳಿದವರಲ್ಲ. ಆಫೀಸಿಗೆ ಹೊಸದಾಗಿ ಸೇರಿದವರಿಗೆಲ್ಲ ಮೇಲ್ ಬರೆಯುವುದನ್ನು ಕಲಿಸುತ್ತಿದ್ದರಲ್ಲ, ಹೆಸರು ಅಂಟಿಕೊಂಡುಬಿಟ್ಟಿತು. ಮುಖ ಕಂಡಿಲ್ಲದ, ದನಿ ಕೇಳಿಲ್ಲದ, ನಮ್ಮ ಹಂಗೇ ಬೇಡವೆಂದು ತನ್ನ ಪಾಡಿಗೆ ತಾನು ಕೂತಿರುವ ಯಾರೋ ಒಬ್ಬರಿಗೆ ಮೇಲ್ ಬರೆದು, ಅವರು ಅದನ್ನು ತೆರೆದು, ಓದಿ, ಉತ್ತರವನ್ನೂ ಬರೆಯುವಂತೆ ಮಾಡುವುದು ಅವರ ಕೆಲಸ. ಕೋಲ್ಡ್ ಮೇಲ್ ಎನ್ನುತ್ತಾರೆ. ಕಲ್ಲಿನಲ್ಲಿ ನಾರು ತೆಗೆಯುವುದೆಂದರೇನು ಎಂದು ತಿಳಿಯಬೇಕಾದವರು ಒಂದು ವಾರ ಅದನ್ನು ಮಾಡಿ ನೋಡಲಿ.

ಕಂಪನಿ ಮಾರುತ್ತಿದ್ದದ್ದು ವಯಸ್ಸಾದವರ ಬಚ್ಚಲಿಗೆ ಬೇಕಾದ ಸಾಮಾನು: ಕಾಲು ಜಾರದ ರಬ್ಬರ್ ಹಾಸು, ಗೋಡೆಗೆ ಕೂರಿಸುವ ಸ್ಟೀಲ್ ಹಿಡಿಕೆ, ಕೂತು ಸ್ನಾನ ಮಾಡುವ ಕುರ್ಚಿ. ಕೊಳ್ಳುವವರು ಆಸ್ಪತ್ರೆಗಳು, ವೃದ್ಧಾಶ್ರಮಗಳು. ಮೇಷ್ಟ್ರು ಹಿಂದೆ ಬ್ಯಾಗು ಹೆಗಲಿಗೇರಿಸಿ ಮನೆ ಮನೆ ಸುತ್ತಿ ಮಿಕ್ಸಿ ಮಾರಿದವರು. ಮುಖಕ್ಕೆ ಬಾಗಿಲು ಹಾಕಿಸಿಕೊಂಡೇ ಮನುಷ್ಯರನ್ನು ಓದುವುದನ್ನು ಕಲಿತಿದ್ದರು.

"ಮೊದಲನೇ ಸಾಲಲ್ಲಿ 'ನಾವು' ಅನ್ನೋ ಮಾತು ಕಂಡ್ರೆ ನಿಮ್ಮ ಕೀಬೋರ್ಡ್ ಕಿತ್ಕೊಂಡುಬಿಡ್ತೀನಿ," ಎಂದು ಹೊಸಬರನ್ನು ಗದರುತ್ತಿದ್ದರು. "ಅವರ ವಿಷಯ ಬರೀರಿ. ನಿಮ್ಮ ಪುರಾಣ ಯಾರಿಗೆ ಬೇಕು? ಕೊನೇಲಿ ಒಂದೇ ಪ್ರಶ್ನೆ ಕೇಳಿ. ಎರಡು ಕೇಳಿದ್ರೆ ಒಂದಕ್ಕೂ ಉತ್ತರ ಬರಲ್ಲ. ಓದಿದೋರಿಗೆ ಇದು ನನಗೊಬ್ಬನಿಗೇ ಬರೆದಿದ್ದು ಅನ್ನಿಸ್ಬೇಕು. ಅನ್ನಿಸ್ಲಿಲ್ವಾ, ಅದು ಮೇಲ್ ಅಲ್ಲ, ರಸ್ತೇಲಿ ಹಂಚೋ ಚೀಟಿ."

ಒಂದು ಮೇಲ್‌ಗೆ ಯಾರೂ ಸೊಪ್ಪು ಹಾಕುವುದಿಲ್ಲ, ಆದ್ದರಿಂದ ನಾಲ್ಕರ ಸರಣಿ. ಮೊದಲನೆಯದು ಪರಿಚಯ. ಅದರ ಆರಂಭದ ಸಾಲಿಗೆ ಒಬ್ಬ ಹುಡುಗಿ ಆಯಾ ಆಶ್ರಮದ ವೆಬ್‌ಸೈಟ್ ನೋಡಿ ಏನಾದರೊಂದು ವಿವರ ಹೆಕ್ಕಿಕೊಡುತ್ತಿದ್ದಳು. ಎರಡನೆಯದರಲ್ಲಿ ಓದಿದವರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಮೂರನೆಯದರಲ್ಲಿ ಒಂದು ಕಥೆ. ನಾಲ್ಕನೆಯದು, ಇನ್ನು ತೊಂದರೆ ಕೊಡುವುದಿಲ್ಲ ಎಂಬ ವಿದಾಯ. ಉತ್ತರ ಬರೆದವರಿಗೆ ಕಂಪ್ಯೂಟರ್ ಅಲ್ಲಿಗೇ ನಿಲ್ಲಿಸುತ್ತದೆ. ಬರೆಯದವರಿಗೆ ಮುಂದಿನದು ತಾನಾಗಿ ಹೋಗುತ್ತದೆ. ಅದಕ್ಕೆ ಯಾರ ಮುಖವೂ ಗೊತ್ತಿಲ್ಲ, ಉತ್ತರ ಬಂತೋ ಇಲ್ಲವೋ ಅಷ್ಟೇ ಗೊತ್ತು.

ಊರಿಗೆಲ್ಲ ಹೀಗೆ ಮೇಲ್ ಬರೆದು ಉತ್ತರ ಪಡೆಯುತ್ತಿದ್ದ ಈ ಮನುಷ್ಯನಿಗೆ ಒಡಹುಟ್ಟಿದ ತಂಗಿಯಿಂದ ಒಂದು ಅಕ್ಷರವೂ ಬರುತ್ತಿರಲಿಲ್ಲ. ತಪ್ಪು ಅವರದೇ. ಅಪ್ಪ ಆಸ್ಪತ್ರೆಯಲ್ಲಿ ಕೊನೆಯುಸಿರು ಎಳೆಯುತ್ತಿದ್ದಾಗ ದೂರದ ಊರಲ್ಲಿದ್ದ ತಂಗಿಗೆ, "ಏನಿಲ್ಲ ಕಣೇ, ಸ್ವಲ್ಪ ಜ್ವರ, ಗಾಬರಿಯಾಗ್ಬೇಡ," ಎಂದು ಹೇಳಿದ್ದರು. ಅವಳು ಗಾಬರಿಯಾಗಲಿಲ್ಲ. ಬರಲೂ ಇಲ್ಲ. ಎಲ್ಲ ಮುಗಿದ ಮೇಲೆ ಬಂದು, "ನನ್ನಪ್ಪನ ಮುಖ ನೋಡೋದನ್ನ ತಪ್ಪಿಸಿದ್ಯಲ್ಲ, ಇನ್ಮೇಲೆ ನಿನ್ನ ಮಾತು ನಂಬಲ್ಲ," ಎಂದು ಹೋದವಳು ಅವರ ನಂಬರನ್ನೇ ಬ್ಲಾಕ್ ಮಾಡಿದಳು. ಅಮ್ಮನಿಗೆ ಮಾತ್ರ ಆಗೊಮ್ಮೆ ಈಗೊಮ್ಮೆ ಫೋನ್ ಮಾಡುತ್ತಿದ್ದಳು. ಅಮ್ಮನ ಕಿವಿ ಪೂರ್ತಿ ಮಂದವಾದ ಮೇಲೆ ಅದೂ ನಿಂತಿತು.

ಮೇಷ್ಟ್ರದು ಮಹಡಿಯ ಮೇಲಿನ ಎರಡು ಕೋಣೆಯ ಬಾಡಿಗೆ ಮನೆ. ಮದುವೆಯ ಸುದ್ದಿ ಕೇಳಬೇಡಿ, ಅದು ಒಂದೇ ವರ್ಷಕ್ಕೆ ಹರಿದುಹೋಗಿತ್ತು. ತಾಯಿ, ಮಗ, ಇಬ್ಬರೇ. ಒಂದು ಬೆಳಿಗ್ಗೆ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರು. ಊರಿನ ಬಚ್ಚಲಿಗೆಲ್ಲ ಹಿಡಿಕೆ ಮಾರುವವರ ಮನೆಯ ಬಚ್ಚಲಲ್ಲಿ ಒಂದು ಹಿಡಿಕೆಯೂ ಇರಲಿಲ್ಲ. ದೀಪದ ಬುಡ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಆಪರೇಷನ್ ತಡೆಯುವ ವಯಸ್ಸಲ್ಲ ಎಂದು ಡಾಕ್ಟರು ಕೈಚೆಲ್ಲಿದ ಮೇಲೆ ಅಮ್ಮ ಹಾಸಿಗೆ ಹಿಡಿದರು. ಊಟ, ಸ್ನಾನ, ಮಿಕ್ಕಿದ್ದೆಲ್ಲ ಮಲಗಿದಲ್ಲೇ. ಹಗಲು ನೋಡಿಕೊಳ್ಳುತ್ತಿದ್ದದ್ದು ಪಕ್ಕದ ಮನೆಯ ದರ್ಜಿಯಮ್ಮ.

ಅಮ್ಮನಿಗೆ ಇದ್ದದ್ದು ಒಂದೇ ಆಸೆ. "ಅವಳನ್ನ ಒಂದ್ಸಲ ಕರೆಸೋ ಮಗಾ. ಕಣ್ಣು ಮುಚ್ಚೋಕೆ ಮುಂಚೆ ಒಂದ್ಸಲ."

ಮೇಷ್ಟ್ರು ಹೊಸ ನಂಬರಿನಿಂದ ಮೆಸೇಜ್ ಕಳಿಸಿದರು. ಅದೂ ಬ್ಲಾಕ್ ಆಯಿತು. ತಂಗಿ ಹಳೆಯ ಮನೆ ಬಿಟ್ಟಿದ್ದಳು, ಈಗ ಎಲ್ಲಿದ್ದಾಳೆ, ಎಲ್ಲಿ ಕೆಲಸ ಮಾಡುತ್ತಾಳೆ ಎಂದು ಗೊತ್ತಿರಲಿಲ್ಲ. ದಿನಾ ಸಂಜೆ ಅಮ್ಮ ಬಾಗಿಲ ಕಡೆ ನೋಡುವುದು, ಮಗ ತಲೆ ತಗ್ಗಿಸುವುದು, ಇಷ್ಟೇ ಆಗಿಹೋಯಿತು.

ಆ ಹೊತ್ತಿಗೆ ಮೂರನೆಯ ಮೇಲ್‌ಗೆ ಹೊಸ ಕಥೆ ಬೇಕಾಗಿತ್ತು. ಬೇರೇನೂ ಹೊಳೆಯದೆ ಮೇಷ್ಟ್ರು ಅಮ್ಮ ಬಿದ್ದದ್ದನ್ನೇ ಬರೆದರು. "ಅಮ್ಮ ಬಿದ್ದ ಸದ್ದು ಕೇಳಿತು. ಕೊಡ ಉರುಳಿರಬೇಕು ಅಂದುಕೊಂಡೆ. ಕೈಲಿದ್ದ ಪೇಪರ್ ಓದಿ ಮುಗಿಸಿ ಆಮೇಲೆ ಎದ್ದೆ." ಅದು ಸುಳ್ಳಲ್ಲ, ನಡೆದದ್ದೇ. ಯಾರ ಹತ್ತಿರವೂ ಆಡಲಾಗದೆ ಹೊಟ್ಟೆಯಲ್ಲಿ ಇಟ್ಟುಕೊಂಡಿದ್ದ ಮಾತು. ನಾನೂರಕ್ಕೂ ಹೆಚ್ಚು ಜನರಿಗೆ ಹೋಯಿತು.

ಉತ್ತರಗಳು ಬಂದವು ನೋಡಿ! ಮ್ಯಾನೇಜರ್ ಕುಣಿಯುವುದೊಂದು ಬಾಕಿ. ಮೇಷ್ಟ್ರಿಗಿಂತ ಬಹಳ ಚಿಕ್ಕವನು, ಬಾಯಿಗೆ ಬಂದದ್ದನ್ನು ಅಂದುಬಿಡುವ ಜಾತಿ. "ಮೇಷ್ಟ್ರೇ, ನಿಮ್ಮಮ್ಮ ಬಿದ್ದಿದ್ದು ಸಖತ್ತಾಗಿ ಓಡ್ತಾ ಇದೆ! ಆದ್ರೆ ನಾಲ್ಕನೇದು ಸಪ್ಪೆ. ಅಮ್ಮ ಬಿದ್ರು, ಆಮೇಲೇನಾಯ್ತು? ಕಥೆಗೊಂದು ಕೊನೆ ಬೇಡ್ವಾ?"

"ಆಮೇಲೇನಾಗುತ್ತೆ? ಮಲಗಿದಾರೆ, ಪಾಪ."

"ಮಲಗಿದಾರೆ ಅಂದ್ರೆ ಯಾರು ಹಿಡಿಕೆ ತಗೋತಾರೆ, ಹೇಳಿ? ಹೋಗ್ಬಿಟ್ರು ಅಂತ ಬರೀರಿ. ಯಾರಿಗೆ ಗೊತ್ತಾಗುತ್ತೆ?"

"ಬಿಡ್ತು ಅನ್ನಿ," ಎಂದು ಮೇಷ್ಟ್ರು ಎದ್ದು ಬಂದರು. ಆದರೆ ತಮ್ಮ ಮೇಜಿಗೆ ಬಂದು ಕೂತ ಮೇಲೆ ಆ ಸಾಲುಗಳು ತಾವಾಗಿಯೇ ಬರತೊಡಗಿದವು. ಕೆಲಸ ಬಲ್ಲವನ ಶನಿ ಅದು, ಕೈ ಸುಮ್ಮನಿರುವುದಿಲ್ಲ. "ಅಮ್ಮ ಹೋದರು. ಕೊನೆಗೆ ಬಾಗಿಲ ಕಡೆ ನೋಡುತ್ತಿದ್ದರು. ಒಂದು ಹಿಡಿಕೆ ಇದ್ದಿದ್ದರೆ ಎಂದು ನನಗೆ ದಿನಾ ಅನಿಸುತ್ತದೆ. ಇದು ನನ್ನ ಕೊನೆಯ ಮೇಲ್." ಬರೆಯುವಾಗ ಗಂಟಲು ಕಟ್ಟಿತು. ಕಟ್ಟಿತಲ್ಲ, ಹಾಗಾದರೆ ಓದುವವರಿಗೂ ಕಟ್ಟುತ್ತದೆ ಎಂದು ಒಳಗೊಳಗೇ ಹಿಗ್ಗೂ ಆಯಿತು. ಅಂಥ ಹಿಗ್ಗಿಗೆ ಬೆಂಕಿ ಬೀಳಲಿ. ಮಂಗಳವಾರ ಬೆಳಿಗ್ಗೆ ಅದು ಹೋಯಿತು.

ಅದೇ ಮಧ್ಯಾಹ್ನ ದರ್ಜಿಯಮ್ಮನ ಫೋನ್. "ಮೇಷ್ಟ್ರೇ, ಬೇಗ ಬನ್ನಿ. ನಿಮ್ಮ ತಂಗಿ ಬಂದಿದಾರೆ. ಅಮ್ಮನ್ನ ನೋಡಿದ್ದೇ ತಡ, ಬಾಗಿಲಲ್ಲೇ ಕುಸಿದು ಕೂತ್ಬಿಟ್ರು."

ತಾವು ಕಳಿಸಿದ್ದ ಮೆಸೇಜ್ ಹೇಗೋ ತಲುಪಿದೆ ಎಂದುಕೊಂಡು ಮೇಷ್ಟ್ರು ಓಡಿದರು. ಮನೆಯಲ್ಲಿ ತಂಗಿ ಅಮ್ಮನ ಕಾಲ ಬಳಿ ಕೂತಿದ್ದಳು. ಅಮ್ಮ ಅವಳ ಕೈ ಹಿಡಿದು, "ನೋಡೋ, ಬಂದ್ಲು ನೋಡೋ," ಎಂದು ಅದನ್ನೇ ಹೇಳುತ್ತಿದ್ದರು. ತಂಗಿ ಅಣ್ಣನನ್ನು ಮೆಟ್ಟಿಲಿಗೆ ಕರೆದುಕೊಂಡು ಹೋಗಿ ಫೋನ್ ತೋರಿಸಿದಳು. ತೆರೆಯ ಮೇಲೆ ಇದ್ದದ್ದು ನಾಲ್ಕನೆಯ ಮೇಲ್.

ತಂಗಿ ಈಗ ಇದೇ ಊರಿನ ಒಂದು ವೃದ್ಧಾಶ್ರಮದಲ್ಲಿ ಸಾಮಾನು ಖರೀದಿಯ ಕೆಲಸಕ್ಕೆ ಸೇರಿದ್ದಳು. ಕಂಪನಿಯ ಪಟ್ಟಿಯಲ್ಲಿ ಅವಳ ಹೆಸರು ಇರಲಿಲ್ಲ, ಆಶ್ರಮದ ಖರೀದಿ ವಿಭಾಗದ ವಿಳಾಸವಷ್ಟೇ ಇತ್ತು. ನಾಲ್ಕೂ ಮೇಲ್ ಬಂದು ಬಿದ್ದದ್ದು ಅವಳ ಮುಂದೆ, ಕೆಳಗೆ ಅಣ್ಣನ ಹೆಸರು.

"ಬಯ್ಯೋಕೆ ಬಂದಿಲ್ಲ," ಎಂದಳು ತಂಗಿ, ಕಣ್ಣೊರೆಸಿಕೊಂಡು. "ಮೊದಲನೇದ್ರಲ್ಲಿ ನೀನು ನಮ್ಮ ಆಶ್ರಮದ ಅಂಗಳದ ಇಳಿಜಾರು ದಾರಿ ಚೆನ್ನಾಗಿದೆ ಅಂತ ಬರೆದಿದ್ದೆ. ಗೇಟಿನ ಹೊರಗೆ ನಿಂತು ನೋಡಿ ಹೋಗಿದೀಯ, ಒಳಗೆ ಬರೋಕೆ ನಾಚಿಕೆ, ಅದಕ್ಕೇ ವ್ಯಾಪಾರದ ನೆಪ ಮಾಡ್ಕೊಂಡಿದೀಯ ಅಂದ್ಕೊಂಡೆ. ಮೂರನೇದು ಬಂದಾಗ ಎರಡು ದಿನ ಅತ್ತೆ. ಕೊಡ ಅಂದ್ಕೊಂಡೆ ಅಂತ ಬರೆದ್ಯಲ್ಲ, ಅಂಥ ಮಾತು ನನ್ನ ಬಿಟ್ಟು ಬೇರೆ ಯಾರಿಗೆ ಹೇಳ್ತೀಯ ನೀನು? ಬರೋಣ ಬರೋಣ ಅಂತಿರುವಾಗಲೇ ಇದು. ಕರೆಸ್ಕೊಳ್ಳೋಕೆ ಇಂಥ ಸುಳ್ಳು ಹೇಳ್ಬಾರ್ದಿತ್ತು, ಅಣ್ಣ. ಹೋಗ್ಲಿ ಬಿಡು. ಅಮ್ಮ ಇದಾಳಲ್ಲ, ಸಾಕು."

ಆಗಲೇ ಬಾಯಿ ಬಿಟ್ಟು ನಿಜ ಹೇಳಬಹುದಿತ್ತು. ಮೇಷ್ಟ್ರು, "ಹೂಂ ಕಣೇ, ನಿನಗೇ ಬರೆದಿದ್ದು," ಎಂದರು.

ಆಮೇಲಿನ ಎರಡು ಭಾನುವಾರ ಆ ಮನೆಯಲ್ಲಿ ನಗು ಕೇಳಿಸಿತು. ತಂಗಿ ಅಮ್ಮನ ತಲೆ ಬಾಚಿದಳು, ಉಗುರು ತೆಗೆದಳು, ಕಿವಿಯ ಹತ್ತಿರ ಬಾಯಿಟ್ಟು ಕೂಗಿ ಹಳೆಯದನ್ನೆಲ್ಲ ಹೇಳಿದಳು. ಅಮ್ಮ ಎರಡು ತುತ್ತು ಹೆಚ್ಚಿಗೆ ಉಂಡರು. ಮೇಷ್ಟ್ರಿಗೆ ಅದನ್ನು ನೋಡುತ್ತ ಉಳಿದದ್ದೆಲ್ಲ ಮರೆತೇಹೋಯಿತು. ಮರೆತದ್ದೇ ಮುಳುವಾಯಿತು. ನಾಲ್ಕನೆಯದು ಚೆನ್ನಾಗಿ ಓಡಿದ್ದರಿಂದ ಮ್ಯಾನೇಜರ್ ಐದನೆಯದನ್ನು ಬರೆಸಿದ. ಉತ್ತರ ಬರೆಯದವರಿಗೆಲ್ಲ ಒಂದು ನೆನಪೋಲೆ. ಮೇಷ್ಟ್ರು ಬರೆದರು, ಗುಂಡಿ ಒತ್ತಿದರು. ತಂಗಿ ಎದ್ದೆನೋ ಬಿದ್ದೆನೋ ಎಂದು ಓಡಿ ಬಂದಿದ್ದಳು, ಆದರೆ ಮೇಲ್‌ಗೆ ಉತ್ತರ ಬರೆದಿರಲಿಲ್ಲ. ಕಂಪ್ಯೂಟರಿನ ಲೆಕ್ಕದಲ್ಲಿ ಅವಳು ಬಂದೇ ಇರಲಿಲ್ಲ. ಹೊಸಬರಿಗೆ ಇದೇ ಪಾಠವನ್ನು ನೂರು ಸಲ ಹೇಳಿದ್ದ ಮನುಷ್ಯ ಇವರು: ಫೋನ್ ಮಾಡಿದವರ, ಎದುರಿಗೆ ಸಿಕ್ಕವರ ವಿಳಾಸವನ್ನು ನೀವೇ ತೆಗೆಯಬೇಕು, ಅದು ತಾನಾಗಿ ತೆಗೆಯುವುದಿಲ್ಲ ಎಂದು.

"ಮಾನ್ಯ ಖರೀದಿ ವಿಭಾಗದವರಿಗೆ. ತಾಯಿಯನ್ನು ಕಳೆದುಕೊಂಡ ದುಃಖದಲ್ಲಿ ನಾನು ಬರೆದ ಮೇಲ್ ತಮ್ಮ ಗಮನಕ್ಕೆ ಬಂದಿಲ್ಲವೇನೋ. ಈ ತಿಂಗಳು ನಮ್ಮ ಹಿಡಿಕೆಗಳ ಮೇಲೆ ವಿಶೇಷ ರಿಯಾಯಿತಿ ಇದೆ."

ಗಂಟೆಯೊಳಗೆ ಅವಳ ಉತ್ತರ ಬಂತು. ಒಂದೇ ಸಾಲು. "ಅಣ್ಣ, ಇದು ಎಷ್ಟು ಜನಕ್ಕೆ ಹೋಗಿದೆ?"

ಮೇಷ್ಟ್ರು ಉದ್ದುದ್ದ ಬರೆದರು, ಅಳಿಸಿದರು. ಮತ್ತೆ ಬರೆದರು. ಬರೆದ ಪ್ರತಿ ಸಾಲೂ ಮಾರಾಟದ ಸಾಲಿನಂತೆ ಕಾಣುತ್ತಿತ್ತು. ಕೊನೆಗೆ "ನಾನೂರಕ್ಕೂ ಹೆಚ್ಚು" ಎಂದಷ್ಟೇ ಕಳಿಸಿದರು. ಅತ್ತಲಿಂದ ಮತ್ತೇನೂ ಬರಲಿಲ್ಲ.

ಭಾನುವಾರ ತಂಗಿ ಬರಲಿಲ್ಲ. ಮರು ಭಾನುವಾರವೂ ಇಲ್ಲ. "ಎಲ್ಲೋ ಅವಳು?" ಎಂದು ಅಮ್ಮ ಕೇಳಿದರೆ, "ಕೆಲಸ ಜಾಸ್ತಿಯಂತೆ ಅಮ್ಮಾ," ಎಂದು ಕಿವಿಯಲ್ಲಿ ಕೂಗುವುದು. ಹೀಗೇ ಮಳೆಗಾಲ ಕಳೆಯಿತು. ಒಂದು ಬುಧವಾರ ಬೆಳಿಗ್ಗೆ ಗಂಜಿ ಕುಡಿಸಲು ಹೋದ ದರ್ಜಿಯಮ್ಮ ಚಮಚ ಕೆಳಗಿಟ್ಟು ಮೇಷ್ಟ್ರನ್ನು ಕೂಗಿದರು. ಅಮ್ಮ ಹೋಗಿದ್ದರು.

ಮೇಷ್ಟ್ರು ಆಶ್ರಮದ ಆಫೀಸಿಗೆ ಫೋನ್ ಮಾಡಿ ತಂಗಿಯನ್ನು ಲೈನಿಗೆ ಕರೆಸಿದರು. "ಅಮ್ಮ ಹೋದ್ರು ಕಣೇ."

"ಇದನ್ನ ನೀನು ಮುಂಚೇನೇ ಬರೆದಿದ್ದೆ, ಅಣ್ಣ."

"ಈ ಸಲ ನಿಜ. ಅಮ್ಮನಾಣೆ. ನಿನಗೊಬ್ಬಳಿಗೇ ಹೇಳ್ತಿರೋದು."

"ಹಾಗನ್ನಿಸೋ ಹಾಗೆ ಹೇಳೋದೇ ನಿನ್ನ ಕೆಲಸ ಅಲ್ವಾ," ಎಂದು ಅವಳು ಫೋನ್ ಇಟ್ಟಳು.

ಸಂಜೆಯವರೆಗೂ ಕಾದರು. ಮಗಳಿಗೆ ತಿಳಿಸಿದ್ದೀರಾ ಎಂದು ನೆರೆಯವರು ಕೇಳಿದರು. ತಿಳಿಸಿದ್ದೇನೆ ಎಂದರು ಮೇಷ್ಟ್ರು. ಬೆಳಕು ಹೋಗುವ ಮೊದಲೇ ಎಲ್ಲ ಮುಗಿಸಬೇಕಾಯಿತು.

ತಂಗಿ ಬಂದದ್ದು ಆ ಭಾನುವಾರ. ಕೋಪ ಇಳಿದಿತ್ತೋ, ಅಮ್ಮನ ನೆನಪು ಎಳೆದಿತ್ತೋ, ಕೈಯಲ್ಲಿ ಒಂದು ಹೊಸ ಉಣ್ಣೆಯ ಹೊದಿಕೆ ಇತ್ತು. ಬಾಗಿಲು ತೆಗೆದ ಅಣ್ಣನ ಮುಖವನ್ನು ಅವಳು ಸರಿಯಾಗಿ ನೋಡಲೂ ಇಲ್ಲ.

"ನಿನ್ನ ನೋಡೋಕೆ ಬಂದಿಲ್ಲ. ಚಳಿ ಶುರುವಾಯ್ತಲ್ಲ, ಅಮ್ಮನಿಗೆ ಅಂತ ತಂದೆ," ಎನ್ನುತ್ತ ಅವರನ್ನು ದಾಟಿ ಕೋಣೆಯತ್ತ ನಡೆದಳು.

ಮೇಷ್ಟ್ರು ಬಾಗಿಲ ಚಿಲಕ ಹಿಡಿದುಕೊಂಡೇ ನಿಂತರು. ಹಾಸಿಗೆ ಸುತ್ತಿಟ್ಟ ಆ ಕೋಣೆಯೊಳಗಿಂದ, ಕಿವಿ ಮಂದವಾದವರನ್ನು ಕರೆಯುವ ಹಾಗೆ ಗಟ್ಟಿಯಾಗಿ, "ಅಮ್ಮಾ" ಎಂದು ಅವಳು ಕೂಗಿದ್ದು ಕೇಳಿಸಿತು.