ದೇವರಿಗೆ ‘ನೀನು’ ಎನ್ನಲಾರದ ಕೌಸಲ್ಯಾಬಾಯಿ

ಔರಾದ್ ಬಸ್ ನಿಲ್ದಾಣದ ಹಿಂದೆ ಖಾನಾವಳಿ ನಡೆಸುವ ಕೌಸಲ್ಯಾಬಾಯಿ ಯಾರಿಗೂ ‘ನೀನು’ ಅಂದವಳಲ್ಲ. ಗಂಡ ಮಾಣಿಕನಿಗೆ ‘ಬರ್ರಿ’, ತರಕಾರಿಯವಳಿಗೆ ‘ಕೊಡ್ರಿ’, ಒಲೆಯ ಹತ್ತಿರ ಸುಳಿಯುವ ಬೆಕ್ಕಿಗೂ ‘ಅತ್ತ ಹೋಗ್ರಿ’. ಬೆಕ್ಕು ಹೋಗುತ್ತಿರಲಿಲ್ಲ. ಅಷ್ಟು ಮರ್ಯಾದೆ ಸಿಗುವ ಜಾಗ ಬಿಟ್ಟು ಯಾರು ತಾನೆ ಹೋಗುತ್ತಾರೆ?

ಐವತ್ತು ವರ್ಷ ಇದರಿಂದ ಯಾರಿಗೂ ತೊಂದರೆಯಾಗಲಿಲ್ಲ. ತೊಂದರೆ ಬಂದದ್ದು ಆಕೆ ದೀಕ್ಷೆ ಕೇಳಿದಾಗ.

ಭಾಲ್ಕಿಯಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೊಂದರಲ್ಲಿ ಮೂವತ್ತು ಜನರ ಸಣ್ಣ ಕ್ರೈಸ್ತ ಸಭೆ ಕೂಡುತ್ತದೆ. ಅದು ಯಾವ ದೊಡ್ಡ ಮಿಷನ್ನಿಗೂ ಸೇರಿದ್ದಲ್ಲ. ಬಂದವರನ್ನು ಅಲ್ಲಿ ಜಾತಿ ಕೇಳುವುದಿಲ್ಲ, ಊಟ ಆಯಿತೇ ಎಂದು ಕೇಳುತ್ತಾರೆ. ಕಮಲನಗರದ ಜ್ಞಾನೇಶ್ವರ ಅದರ ಪಾಸ್ಟರ್. ಆ ಸಭೆಯದೇ ಏಳು ಜನ ಭಾನುವಾರ ಸಂಜೆ ಕೌಸಲ್ಯಾಬಾಯಿಯ ಖಾನಾವಳಿಯಲ್ಲಿ ಪ್ರಾರ್ಥನೆಗೆ ಸೇರುತ್ತಿದ್ದರು. ಆದರೆ ಯೇಸುವಿನ ಕಡೆಯ ಊಟದ ನೆನಪಿಗೆ ಹಂಚುವ ಕರ್ತನ ಭೋಜನದ ರೊಟ್ಟಿ ಮುರಿದು ಕೊಡಲು ಪಾಸ್ಟರನಂತೆ ದೀಕ್ಷೆಯಾದವರೇ ಬೇಕು. ಜ್ಞಾನೇಶ್ವರ ಬರುವುದು ಎರಡು ತಿಂಗಳಿಗೊಮ್ಮೆ, ಅದೂ ಬಸ್ಸು ಸಿಕ್ಕರೆ. ಏಳು ಜನ ಕಾದು ಕಾದು ಎದ್ದು ಹೋಗುವುದನ್ನು ನೋಡಲಾರದೆ ಆಕೆ ಒಂದು ದಿನ ಕೇಳಿಯೇಬಿಟ್ಟಳು: “ಆ ದೀಕ್ಷಾ ನನಗೇ ಕೊಡ್ರಿ.”

“ಕೊಡೋಣು,” ಎಂದ ಜ್ಞಾನೇಶ್ವರ. “ಬೀದರಿನಿಂದ ಹಿರಿಯರು ಪ್ರೇಮದಾಸರು ಬರ್ತಾರ. ಅವರ ಮುಂದ ಒಂದು ಪ್ರಾರ್ಥನಿ ಮಾಡ್ರಿ, ಸಾಕು. ಆದ್ರ ದೇವರಿಗಿ ‘ನೀವು’ ಅನಬ್ಯಾಡ್ರಿ. ಬೈಬಲ್‌ದಾಗ ‘ನೀನು’ ಅಂತನೇ ಅದ. ಅವರು ಭಾಳ ಕಟ್ಟುನಿಟ್ಟು.”

ಉಳಿದದ್ದು ಎಂಟು ದಿನ. ರೂಢಿ ಬೆಕ್ಕಿನಿಂದ ಶುರುವಾಯಿತು. “ಹೋಗು ನೀ,” ಎಂದಳು. ಬೆಕ್ಕು ಬೆಚ್ಚಿ ಮಾಡು ಹತ್ತಿತು. ಕೌಸಲ್ಯಾಬಾಯಿಗೆ ಧೈರ್ಯ ಬಂತು. ಗುರುವಾರ ಗಂಡನಿಗೂ “ನೀ ಉಣ್ಣು ಬಾ” ಎಂದುಬಿಟ್ಟಳು.

ಮಾಣಿಕ ತಾಟಿನ ಮುಂದೆ ಕೂತವನು ತುತ್ತು ಎತ್ತಲಿಲ್ಲ. “ನಾ ಏನ್ ತಪ್ಪ ಮಾಡೀನಿ?”

“ತಪ್ಪಲ್ರಿ. ಪರೀಕ್ಷಾ.”

“ಪರೀಕ್ಷಾ ನಿಂದು, ಮರ್ಯಾದಿ ನಂದು ಹೋಗ್ಲಾಕತ್ತದ.”

ಭಾನುವಾರ ಭಾಲ್ಕಿಯ ಕೋಣೆ ತುಂಬಿತ್ತು. ಪ್ರೇಮದಾಸರು ನಿವೃತ್ತ ಪೋಸ್ಟ್‌ಮಾಸ್ಟರ್. ವಿಳಾಸ ತಪ್ಪಾದ ಲಕೋಟೆಯನ್ನು ನೋಡುವಂತೆ ಎಲ್ಲರನ್ನೂ ನೋಡುತ್ತ ಒಳಗೆ ಬಂದರು. ಕೌಸಲ್ಯಾಬಾಯಿ ಎದ್ದು ಕುರ್ಚಿ ಸರಿಸಿ, “ನೀ ಇಲ್ಲಿ ಕೂಡು,” ಎಂದಳು.

ಜ್ಞಾನೇಶ್ವರ ತಲೆಯೆತ್ತಿ ಫ್ಯಾನ್ ನೋಡತೊಡಗಿದ. ಪ್ರೇಮದಾಸರು ಕೂತರು.

ಆಕೆ ಸೆರಗು ಹೊದ್ದು ಕಣ್ಣು ಮುಚ್ಚಿದಳು. ಕಲಿತದ್ದೆಲ್ಲ ಎಲ್ಲಿಗೋ ಹೋಯಿತು. “ತಂದಿಯವರೇ, ಬರ್ರಿ. ನಮ್ಮ ಔರಾದ್‌ದಾಗ ಏಳು ಮಂದಿ ಹಸದು ಕುಂತಾರ್ರಿ. ಅವರಿಗಿ ನೀವು ಕೊಡೂದು ನನ್ನ ಕೈಲೇ ಕೊಡಸ್ರಿ. ಆಮೆನ್ ರೀ.”

“ಅಲ್ಲವ್ವಾ,” ಎಂದರು ಪ್ರೇಮದಾಸರು, “ನನಗ ‘ನೀ’, ದೇವರಿಗಿ ‘ನೀವು’. ಹಿಂದ ಮುಂದ ಆಗ್ಯಾದಲ್ಲ?”

“ತಪ್ಪಾತ್ರಿ. ಎಂಟು ದಿನ ರೂಢಿ ಮಾಡೀನ್ರಿ. ಎಲ್ಲಾರಿಗೂ ಬರ್ತದ, ಅವರಿಗೊಬ್ಬರಿಗೇ ಬರವಲ್ತು.”

“ಯಾಕ ಬರವಲ್ತು?”

“ನಮ್ಮ ಮನಿಗಿ ಅವರು ಬಂದು ಆರೇ ವರ್ಷ ಆತ್ರಿ. ಹೊಸ ಬೀಗರಿಗಿ ಇಷ್ಟು ಲಗೂ ‘ನೀ’ ಅಂತಾರೇನ್ರಿ?”

ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಪ್ರೇಮದಾಸರು ಚಷ್ಮಾ ತೆಗೆದು ಒರೆಸಿದರು, ಮತ್ತೆ ಒರೆಸಿದರು. “ನಮ್ಮ ಮನಿಗಿ ಬಂದು ನಾಕು ತಲಿಮಾರು ಆತು,” ಎಂದರು. “ಅದಕ್ಕೇ ನಮಗ ಇಷ್ಟು ಸದರ ಆಗ್ಯಾರ ಕಾಣ್ತದ. ಮೊಣಕಾಲ ಊರವ್ವಾ.”

“ದೀಕ್ಷಾ ಮುಂದಿನ ತಿಂಗಳ ಇಟ್ಟೀವಲ್ರಿ?” ಎಂದ ಜ್ಞಾನೇಶ್ವರ.

“ಏಳು ಮಂದಿ ಹಸದಾರಂತಲ್ಲೋ.”

ಇಬ್ಬರೂ ಆಕೆಯ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಟ್ಟರು.

ಅದೇ ಸಂಜೆ ಔರಾದಿನಲ್ಲಿ ಕೌಸಲ್ಯಾಬಾಯಿ ರೊಟ್ಟಿ ಮುರಿದು ಕೊಟ್ಟಳು. ಎಲ್ಲರೂ ಹೋದ ಮೇಲೆ ಬಟ್ಟಲು ತೊಳೆಯುವಾಗ, ಭೋಜನದ ವಿಧಿಯ ಪುಸ್ತಕದಲ್ಲಿ ಎರಡು ಸಾಲು ಓದದೆ ಬಿಟ್ಟದ್ದು ನೆನಪಾಯಿತು. ಒದ್ದೆ ಕೈಯಲ್ಲೇ ಜ್ಞಾನೇಶ್ವರನಿಗೆ ಫೋನ್ ಹಚ್ಚಿದಳು.

“ಎರಡು ಸಾಲು ಬಿಟ್ಟೀನ್ರಿ. ನಡೀತದೇನ್ರಿ?”

“ರೊಟ್ಟಿ ಎಲ್ಲಾರಿಗೂ ಮುಟ್ಟೇದೇನ್ರಿ?”

“ಮುಟ್ಟೇದ್ರಿ.”

“ಹಂಗಾದ್ರ ನಡೀತದ.”