ಗದ್ದಕ್ಕೆ ಚುಚ್ಚಿದ ಮುಳ್ಳು

ಬೇಡ ಎನ್ನಲು ನನಗೆ ಬರುವುದಿಲ್ಲ. ಎಲ್ಲ ಕಡೆಯೂ ಅಲ್ಲ. ವಿಮೆ ಮಾಡಿಸಿ ಎಂದು ಬರುವವರಿಗೆ, ಮನೆಪಾಠ ಹೇಳಿಕೊಡಿ ಎನ್ನುವ ಪಾಲಕರಿಗೆ, ಪರೀಕ್ಷೆ ಹತ್ತಿರ ಬಂದಾಗ ‘ಇಂಪಾರ್ಟೆಂಟ್ ಹೇಳಿ ಮಿಸ್’ ಎಂದು ಹಲ್ಲು ಕಿರಿಯುವ ಮಕ್ಕಳಿಗೆ ನಾನು ಖಡಾಖಂಡಿತವಾಗಿ ಆಗದು ಎನ್ನಬಲ್ಲೆ. ಆದರೆ ಬಾಳೆಲೆಯ ಮುಂದೆ ಕುಳಿತಿರುವಾಗ ಯಾರಾದರೂ ಸೊಂಟ ಬಗ್ಗಿಸಿ, ಹೋಳಿಗೆಯ ಪಾತ್ರೆ ಹಿಡಿದು, ಪ್ರೀತಿಯಿಂದ ಮುಖ ನೋಡಿದರೆ ಮುಗಿಯಿತು. ನನ್ನ ನಾಲಿಗೆ ಬಾಯಿಯೊಳಗೇ ಮಲಗಿಬಿಡುತ್ತದೆ.

ತಪ್ಪು ಪೂರ್ತಿ ನನ್ನದೂ ಅಲ್ಲ. ನಮ್ಮ ಶಿರಸಿ ಸೀಮೆಯ ಪಂಕ್ತಿಯಲ್ಲಿ ಬೇಡ ಎನ್ನುವ ಮಾತಿಗೆ ಕಿಮ್ಮತ್ತೇ ಇಲ್ಲ. ಮೊದಲ ಸಲ ಹೇಳಿದರೆ ಸಂಕೋಚ ಎಂದು ತಿಳಿಯುತ್ತಾರೆ. ಎರಡನೆಯ ಸಲ ಕೇಳಿಸಿಕೊಳ್ಳುವುದೇ ಇಲ್ಲ. ಮತ್ತೊಮ್ಮೆ ಹೇಳೋಣವೆಂದು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಎಲೆಯ ಮೇಲಿರುತ್ತದೆ, ಅದರ ಮೇಲೆ ತುಪ್ಪವೂ ಬಿದ್ದಿರುತ್ತದೆ. ಅಡ್ಡ ಹಿಡಿದ ಕೈಯ ಸಂದಿಯಿಂದ ಬಡಿಸುವ ನಿಪುಣರಿದ್ದಾರೆ. ಎಲೆಯ ಮೇಲೆಯೇ ಬಗ್ಗಿ ಕುಳಿತವರ ಬೆನ್ನ ಹಿಂದಿನಿಂದ ಕೈ ತೂರಿಸಿ ಬಡಿಸಿದವರನ್ನೂ ಕಂಡಿದ್ದೇನೆ. ಅನ್ನ ದೇವರು ಎನ್ನುತ್ತಾರೆ ಹಿರಿಯರು. ದೇವರು ಸರ್ವವ್ಯಾಪಿ ಎಂಬ ಮಾತು ನನಗೆ ಮನದಟ್ಟಾದದ್ದು ಇಂಥ ಪಂಕ್ತಿಗಳಲ್ಲೇ.

ಈ ವಿದ್ಯೆಯಲ್ಲಿ ನಮ್ಮ ದೊಡ್ಡಾಯಿಯನ್ನು ಮೀರಿಸುವವರು ಸಿದ್ದಾಪುರ ತಾಲೂಕಿನಲ್ಲೇ ಇರಲಿಲ್ಲ. ದೊಡ್ಡಾಯಿ ಎಂದರೆ ಅಪ್ಪನ ಅಣ್ಣನ ಹೆಂಡತಿ. ದೊಡ್ಮನೆಯಲ್ಲಿ ಅವಳ ಮನೆ. ಅವಳಿಗೆ ಮಕ್ಕಳಿರಲಿಲ್ಲ, ಆ ಕಾರಣಕ್ಕೇ ಇರಬೇಕು, ರಜೆ ಬಂತೆಂದರೆ ನಾವು ಮಕ್ಕಳೆಲ್ಲ ಅವಳ ಪಾಲಿಗೆ. ಬೆಳಗ್ಗೆ ಎದ್ದರೆ ತೆಳ್ಳೇವು ದೋಸೆ, ಅದು ಮುಳುಗುವಷ್ಟು ಜೋನಿಬೆಲ್ಲ. ತಟ್ಟೆ ಖಾಲಿಯಾದದ್ದನ್ನು ಅವಳು ಕಂಡಳೆಂದರೆ ಮತ್ತೊಂದು ದೋಸೆ ಬಂದು ಕುಳಿತಿರುತ್ತಿತ್ತು. ಬಾಳಿನಲ್ಲಿ ನನಗೆ ಅಷ್ಟು ನಂಬಿಕೆಯಿಂದ ತಿನ್ನಿಸಿದವರು ಬೇರೆ ಯಾರೂ ಇಲ್ಲ.

ಕುಟುಂಬದಲ್ಲಿ ಯಾರ ಮನೆಯ ಕಾರ್ಯವಿದ್ದರೂ ಒಲೆಯ ಮುಂದೆ ದೊಡ್ಡಾಯಿಯೇ. ಆಗ ಮುಟ್ಟಾದವರು ಹೊರಗೆ ಕೂರುವ ಕಾಲ. ಮುಂಜಿಯೋ ಮದುವೆಯೋ ಗೊತ್ತಾಯಿತೆಂದರೆ ಮನೆಯ ಹೆಂಗಸರೆಲ್ಲ ಬೆರಳು ಮಡಚಿ ದಿನ ಎಣಿಸಿ ಕಂಗಾಲಾಗುತ್ತಿದ್ದರು. ಆಗ ಯಾರಾದರೂ ಹಿರಿಯರು, “ದೊಡ್ಡಾಯಿ ಇದ್ದಲೇ. ಅದು ಯಾವಾಗ್ಲೂ ಒದಗ್ತು” ಎಂದುಬಿಟ್ಟರೆ ಎಲ್ಲರಿಗೂ ನಿರಾಳ. ದೊಡ್ಡಾಯಿ ಹೊರಗೆ ಕುಳಿತದ್ದನ್ನು ನಾನು ಕಂಡದ್ದೇ ಅಪರೂಪ. ದೇವರಿಗೆ ಅವಳ ಕೈಯಡುಗೆಯೇ ಇಷ್ಟ, ಅದಕ್ಕೇ ಅವಳಿಗೆ ಈ ರಿಯಾಯಿತಿ ಕೊಟ್ಟಿದ್ದಾನೆ ಎಂದು ನಾನು ತಿಳಿದಿದ್ದೆ. ಮನೆಯ ದೊಡ್ಡವರು ತಿಳಿದದ್ದೂ ಹೆಚ್ಚುಕಡಿಮೆ ಅಷ್ಟೇ.

ಇನ್ನೊಂದು ನೆನಪಿದೆ. ಒಂದು ಬೆಳಗ್ಗೆ ಎಲ್ಲರಿಗಿಂತ ಮುಂಚೆ ಎದ್ದು ಹಿತ್ತಿಲಿಗೆ ಹೋದರೆ ದೊಡ್ಡಾಯಿ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಪೂರ್ವಕ್ಕೆ ಮುಖಮಾಡಿ ಕುಳಿತಿದ್ದಳು. ಒಂದು ಕೈಯಲ್ಲಿ ಅಂಗೈಯಗಲದ ಕನ್ನಡಿ. ಇನ್ನೊಂದರಲ್ಲಿ ಕಾಲಿನ ಮುಳ್ಳು ಕೀಳುವ ಕಬ್ಬಿಣದ ಚಿಮಟ, ಅದರ ತುದಿ ಗದ್ದದ ಮೇಲೆ. “ಎಂತ ಅದು ದೊಡ್ಡಾಯಿ?” ಎಂದೆ. ಅವಳು ಬೆಚ್ಚಿ ಕನ್ನಡಿಯನ್ನು ಸೆರಗಿನಡಿ ಹಾಕಿದಳು. “ಮುಳ್ಳು ಚುಚ್ಚಿದ್ದು ತಂಗಿ” ಎಂದಳು.

ಗದ್ದಕ್ಕೆ ಮುಳ್ಳು! ನಾನು ನಂಬಿದೆ. ಹೂವು ಕೊಯ್ಯಲು ಬೇಲಿಗೆ ಬಗ್ಗಿದಾಗ ಚುಚ್ಚಿರಬೇಕು ಎಂದುಕೊಂಡೆ. ಆ ರಜೆಯಿಡೀ ರತ್ನಗಂಧಿ ಗಿಡದ ಹತ್ತಿರ ಹೋದಾಗಲೆಲ್ಲ ಒಂದು ಕೈಯಲ್ಲಿ ಗದ್ದ ಮುಚ್ಚಿಕೊಂಡೇ ಹೂವು ಕೊಯ್ದೆ. ರತ್ನಗಂಧಿಗೆ ಮುಳ್ಳಿದೆಯೇ ಇಲ್ಲವೇ ಎಂದು ನೋಡುವ ವೈಜ್ಞಾನಿಕ ಮನೋಭಾವ ಆಗಿನ್ನೂ ಬಂದಿರಲಿಲ್ಲ.

ಅದು ಬಂದಮೇಲೆ ಶಿರಸಿಯಲ್ಲಿ ವಿಜ್ಞಾನದ ಟೀಚರ್ ಆದೆ. ನಿರ್ನಾಳ ಗ್ರಂಥಿಗಳ ಪಾಠವನ್ನು ಕಣ್ಣು ಮುಚ್ಚಿ ಮಾಡಬಲ್ಲೆ. ಅವೇ ಗ್ರಂಥಿಗಳು ಒಳಗೆ ಕುಳಿತು ನನಗೇ ಪಾಠ ಕಲಿಸುತ್ತಿವೆ ಎಂಬುದು ತಿಳಿದದ್ದು ಮಾತ್ರ ಮೂವತ್ತು ದಾಟಿದ ಮೇಲೆ. ತಿಂಗಳಿನದು ತಿಂಗಳಿಗೆ ಬರುತ್ತಿರಲಿಲ್ಲ. ತಲೆಯ ಕೂದಲು ಉದುರಿ ಗದ್ದದಲ್ಲಿ ಹುಟ್ಟುತ್ತಿತ್ತು. ತೂಕ ಮಾತ್ರ ತಪ್ಪದೆ ಏರುತ್ತಿತ್ತು. ಡಾಕ್ಟರಮ್ಮ ಪರೀಕ್ಷೆ ಮಾಡಿಸಿ, ಇದು ಪಿಸಿಒಎಸ್, ಬಹಳ ಜನರಿಗೆ ಇರುತ್ತದೆ, ಗಾಬರಿ ಬೇಡ ಎಂದರು. ಗುಳಿಗೆ ಬರೆದರು. ನಡೆಯಿರಿ, ಊಟ ನೋಡಿಕೊಳ್ಳಿ, ತೂಕ ಸ್ವಲ್ಪ ಇಳಿದರೂ ಒಳ್ಳೆಯದು ಎಂದರು. ಸ್ವಲ್ಪ ಎಂಬ ಮಾತು ಎಷ್ಟು ಹಗುರ ನೋಡಿ. ಆ ಸ್ವಲ್ಪದ ಭಾರ ಹೊತ್ತವರಿಗೇ ಗೊತ್ತು.

ಊರಿನವರು ಸುಮ್ಮನಿರಬೇಕಲ್ಲ. ನಮ್ಮಲ್ಲಿ ನಮಸ್ಕಾರ ಚೆನ್ನಾಗಿದ್ದೀಯಾ ಎಂದೆಲ್ಲ ಕೇಳುವ ಪದ್ಧತಿ ಕಡಿಮೆ. ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ದೂರದಿಂದಲೇ, “ಎಂತೇ, ದಪ್ಪ ಆಯ್ದೆ!” ಎಂದು ಕೂಗಿದರೆ ಅದೇ ಕುಶಲೋಪರಿ. ಹೀಗೆ ಕೂಗಿದವರೇ ಮರುವಾರ ಯಾರದೋ ಮನೆಯ ಪಂಕ್ತಿಯಲ್ಲಿ ಎದುರು ನಿಂತು, ಒಂದು ಹೋಳಿಗೆಗೆ ಎಂತ ಆಗ್ತಿಲ್ಲೆ ಎಂದು ಒತ್ತಾಯ ಮಾಡುತ್ತಾರೆ. ನಾನು ಕಾರ್ಯಗಳಿಗೆ ಹೋಗುವುದನ್ನೇ ಬಿಟ್ಟೆ. ಯಾರು ಕರೆದರೂ ಪೇಪರ್ ತಿದ್ದುವುದಿದೆ ಎಂಬ ನೆಪ. ವರ್ಷವಿಡೀ ಪೇಪರ್ ತಿದ್ದುವ ಶಾಲೆ ಅದ್ಯಾವುದೆಂದು ನನ್ನ ಹೆತ್ತ ಆಯಿ ಕೇಳಲಿಲ್ಲ. ತಾನೊಬ್ಬಳೇ ಹೋಗಿ ಬರುತ್ತಿದ್ದಳು.

ದೊಡ್ಡಾಯಿಯ ಮನೆಯ ಸತ್ಯನಾರಾಯಣ ಕಥೆಗೂ ಹೋಗಲಿಲ್ಲ. ಮರುವರ್ಷವೂ ತಪ್ಪಿಸಿದೆ. “ಈ ಸಲನೂ ಬತ್ತಿಲ್ಯನೆ?” ಎಂದು ಫೋನಿನಲ್ಲಿ ಕೇಳಿ ಅವಳು ಒಂದು ಕ್ಷಣ ಕಾದಳು. ಆಮೇಲೆ ಸಾಮಾನ್ಯ ದಿನಗಳಲ್ಲಿ ಕೂಡ ಬಾ ಎನ್ನುವುದನ್ನು ನಿಲ್ಲಿಸಿದಳು. ಅವಳ ಹೋಳಿಗೆಗೆ ಹೆದರಿ ನಾನು ಅವಳನ್ನೇ ಕಳೆದುಕೊಳ್ಳುತ್ತಿದ್ದೆ. ಅದು ಗೊತ್ತಿತ್ತು, ಗೊತ್ತಿದ್ದೂ ಹೋಗಲಾರದ ಸಂಕಟ ದೊಡ್ಡದಾಗಿತ್ತು.

ಆ ದಿನಗಳಲ್ಲೇ ನನಗೆ ಇಬ್ಬರು ಸಿಕ್ಕಿದರು. ಸಿಕ್ಕಿದ್ದು ಡಾಕ್ಟರಮ್ಮನ ದವಾಖಾನೆಯ ಬೆಂಚಿನ ಮೇಲೆ. ಎದುರಿನ ಗೋಡೆಯ ಮೇಲೆ ಗುಂಡು ಗುಂಡಾದ ಶಿಶುವಿನ ಚಿತ್ರ. ಅದೊಂದೇ ದಪ್ಪಗಿದ್ದೂ ಹೊಗಳಿಸಿಕೊಳ್ಳುವ ಜೀವ. ಒಂದು ಪಕ್ಕದಲ್ಲಿ ಯಲ್ಲಾಪುರದ ಕಡೆಯ ಉಮ್ಮಚಗಿಯ ನಾಗವೇಣಿ. ಎಂತಕ್ಕೆ ಬಂದದ್ದು ಎಂದು ಕೇಳಿದರೆ ಗ್ಯಾಸ್ಟ್ರಿಕ್ ಎಂದಳು. ಹೆರಿಗೆ ಡಾಕ್ಟರ ಹತ್ತಿರ ಗ್ಯಾಸ್ಟ್ರಿಕ್ಕಿಗೆ! ನಾನು ಕಡಿಮೆಯೇ? ಆಯಿಯ ಔಷಧ ಕೇಳಲು ಬಂದೆ ಎಂದೆ. ಇನ್ನೊಂದು ಪಕ್ಕದಲ್ಲಿದ್ದವಳು ದಾಸನಕೊಪ್ಪದ ಗಿರಿಜಾ. ಊರಲ್ಲಿ ಅವಳದೊಂದು ಹೊಲಿಗೆ ಅಂಗಡಿ. ನಮ್ಮಿಬ್ಬರ ಸುಳ್ಳನ್ನೂ ಕೇಳಿ ನಕ್ಕು, “ನಂಗ ಪಿಸಿಒಎಸ್ ಐತ್ರಿ. ನಿಮಗೂ ಅದ ಇರಬೇಕಲ್ರಿ?” ಎಂದಳು. ಇಡೀ ದವಾಖಾನೆಗೆ ಕೇಳುವಂತೆ ಅಂದಳು. ನನಗೆ ನೆಲ ಬಾಯಿ ಬಿಡಬಾರದೇ ಅನಿಸಿತು. ಬಿಡಲಿಲ್ಲ. ಹಾಗಾಗಿ ಹೌದು ಎಂದೆ.

ಅವರಿಬ್ಬರಿಗೂ ಊರಿನ ಬಸ್ಸಿಗೆ ಇನ್ನೂ ಹೊತ್ತಿತ್ತು. “ಕುಂತು ಏನ್ ಮಾಡೋದೈತ್ರಿ, ಬರ್ರಿ ಟೀಚರ್, ಒಂದ್ ರೌಂಡ್ ಹೊಡ್ದು ಬರೋಣು” ಎಂದು ಗಿರಿಜಾ ಹೊರಟಳು. ಕೋಟೆಕೆರೆಯ ದಂಡೆಯ ಮೇಲೆ ನಡೆದೆವು. ಅಂದಿನಿಂದ ದವಾಖಾನೆಗೆ ಬರುವ ದಿನ ಮೂವರಿಗೂ ಒಂದೇ ಆಯಿತು, ಆಮೇಲೆ ದವಾಖಾನೆಯ ಕೆಲಸವಿಲ್ಲದಿದ್ದರೂ ಬರುವುದಾಯಿತು. ಒಂದು ದಿನ ಮಾತಿಗೆ ಮಾತು ಬಂದು ಗಿರಿಜಾ ತನ್ನ ಪರ್ಸಿನಿಂದ ಒಂದು ಪುಟ್ಟ ಚಿಮಟ ತೆಗೆದು ತೋರಿಸಿದಳು. ನಾಗವೇಣಿ ತನ್ನ ಪರ್ಸು ತೆರೆದಳು. ಅದರಲ್ಲೂ ಒಂದು. ನಾನೂ ನನ್ನದನ್ನು ತೆಗೆದೆ. ಕೆರೆಯ ದಂಡೆಯ ಮೇಲೆ ಮೂವರು ಹೆಂಗಸರು ಮೂರು ಚಿಮಟ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕದ್ದನ್ನು ಕಂಡವರು ಏನೆಂದುಕೊಂಡರೋ. ಕನ್ನಡಿಯ ಮುಂದೆ ಅಷ್ಟು ವರ್ಷ ಅತ್ತದ್ದು ಆ ನಗೆಯಲ್ಲಿ ಕರಗಿತು.

ನಾವೇನೂ ದೊಡ್ಡ ವ್ರತ ಹಿಡಿಯಲಿಲ್ಲ. ನಾಗವೇಣಿ ಒಂದೆಲಗದ ತಂಬುಳಿಯನ್ನೂ ಅಪ್ಪೆಹುಳಿಯನ್ನೂ ಹೊಗಳುತ್ತಿದ್ದಳು, ಗಿರಿಜಾ ಜೋಳದ ರೊಟ್ಟಿಯನ್ನು. ಈ ವಾದದಲ್ಲಿ ಯಾರೂ ಗೆಲ್ಲಲಿಲ್ಲ, ಆದರೆ ಡಬ್ಬಿಗಳು ಅದಲುಬದಲಾದವು. ತೂಕ ಏರಿದವಳು ಬಂದು ಹೇಳಿದರೆ ಯಾಕೆ ಎಂದು ಯಾರೂ ಕೇಳುತ್ತಿರಲಿಲ್ಲ. “ಆತು ಬಿಡ್ರಿ, ನಡೀರಿ” ಎನ್ನುತ್ತಿದ್ದಳು ಗಿರಿಜಾ. ಆ ಯಾಕೆ ಎನ್ನುವ ಒಂದು ಪ್ರಶ್ನೆಯನ್ನು ಬಿಟ್ಟರೆ ಲೋಕ ಎಷ್ಟು ಹಿತವಾಗಿರುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ.

ದೊಡ್ಡಾಯಿಯ ಮನೆಯ ಸತ್ಯನಾರಾಯಣ ಕಥೆ ಮತ್ತೆ ಬಂತು. ಹೋಗುವುದೋ ಬಿಡುವುದೋ ಎಂದು ನಾನು ತೊಳಲಾಡುತ್ತಿದ್ದುದನ್ನು ಕಂಡು ನಾಗವೇಣಿ, “ಯಂಗನೂ ಬತ್ಯ. ಬಡಿಸಲೆ ನಿಂತ್ರೆ ಆತು. ಬಡಿಸವ್ಕೆ ಯಾರು ಒತ್ತಾಯ ಮಾಡ್ತ?” ಎಂದು ಉಪಾಯ ಹೇಳಿದಳು. ನನಗೆ ಬಹಳ ಮೆಚ್ಚುಗೆಯಾಯಿತು. ಮೂವರೂ ದೊಡ್ಮನೆಗೆ ಹೋದೆವು. ಗಿರಿಜಾಳನ್ನು ನೆಂಟರು ಎಂದು ಮೊದಲ ಪಂಕ್ತಿಗೇ ಕೂರಿಸಿದರು. ನಾವಿಬ್ಬರೂ ಸೆರಗು ಬಿಗಿದು ಬಡಿಸಿದೆವು. ಪಲ್ಯ, ಅನ್ನ, ಸಾರು ಎಂದು ಅತ್ತಿತ್ತ ಓಡಾಡಿ ಬೆವರಿಳಿಯಿತು. ಹೋಳಿಗೆಯ ಪಾತ್ರೆ ಕೈಗೆ ಬಂದಾಗ ನಾನೂ ಎಲ್ಲರಿಗೂ ಒತ್ತಾಯ ಮಾಡಿದೆ ಎಂದು ಆಮೇಲೆ ನಾಗವೇಣಿ ಹೇಳಿದಳು. ರಕ್ತಗುಣ.

ಆ ಮನೆಯಲ್ಲೇ ಆಡಿ ಬೆಳೆದವಳು ನಾನು, ಒಂದು ಸಂಗತಿಯನ್ನು ಮರೆತೇಬಿಟ್ಟಿದ್ದೆ. ಕೊನೆಗೆ ಬಡಿಸಿದವರ ಪಂಕ್ತಿ ಎಂದೊಂದು ಇರುತ್ತದೆ. ಪಾಪ, ದಣಿದಿದ್ದಾರೆ ಎಂದು ಉಳಿದದ್ದನ್ನೆಲ್ಲ ಆ ಎಲೆಗಳಿಗೇ ಸುರಿಯುವುದು, ಅದೂ ಮನೆಯ ಯಜಮಾನಿಯೇ ನಿಂತು ಬಡಿಸುವುದು ನಮ್ಮಲ್ಲಿಯ ಕ್ರಮ. ಓಡಿ ತಪ್ಪಿಸಿಕೊಂಡವಳು ಹುಲಿಯ ಗುಹೆಗೇ ಬಂದು ಎಲೆ ಹಾಸಿಕೊಂಡು ಕುಳಿತಂತಾಗಿತ್ತು. ದೊಡ್ಡಾಯಿ ಹೋಳಿಗೆಯ ಪಾತ್ರೆ ಹಿಡಿದು ಬಂದಳು. ಮುಖದ ತುಂಬ ಸಂಭ್ರಮ. ಎರಡು ವರ್ಷದ ಬಾಕಿ ಹೋಳಿಗೆಯೆಲ್ಲ ಆ ಕೈಯಲ್ಲಿತ್ತು.

ನಾನು ಎಲೆಗೆ ಎರಡೂ ಕೈ ಅಡ್ಡ ಹಿಡಿದೆ. “ಬೇಡ ದೊಡ್ಡಾಯಿ” ಎಂದೆ. ಅವಳ ಮುಖ ಬಾಡಿತು. “ಯನ್ನ ಕೈಯಿಂದೂ ಬೇಡದನೆ?” ಎಂದಳು. ಊಟ ಮುಗಿಸಿ ನಮಗಾಗಿ ಕಾಯುತ್ತ ಗೋಡೆಗೊರಗಿ ಕುಳಿತಿದ್ದ ಗಿರಿಜಾ ಆಗ ಬಾಯಿ ಹಾಕಿದಳು. ಗಂಡಸರೆಲ್ಲ ಎಲೆಯಡಿಕೆಯ ಕವಳ ಹಾಕಲು ಜಗಲಿಗೆ ಹೋಗಿದ್ದರು. “ಅಮ್ಮಾರ, ಸಿಟ್ಟಾಗಬ್ಯಾಡ್ರಿ. ನಮಗ ಮೂರೂ ಮಂದಿಗೆ ಒಂದ ತ್ರಾಸ ಐತ್ರಿ. ತಿಂಗಳಾ ಸರಿಯಾಗಿ ಮುಟ್ಟ ಆಗಂಗಿಲ್ಲ. ಗದ್ದಕ್ಕ ಕೂದ್ಲ ಬರ್ತಾವು. ಸಿಹಿ ತಿಂದ್ರ ಮೈಗೆ ಹತ್ತತೈತ್ರಿ. ಅದಕ್ಕ ಒಂದ್ ಹೆಸರೂ ಐತಿ, ಪಿಸಿಒಎಸ್ ಅಂತಾರ.”

ದೊಡ್ಡಾಯಿ ಪಾತ್ರೆಯನ್ನು ನೆಲಕ್ಕಿಟ್ಟಳು. ನಮ್ಮ ಎಲೆಯ ಎದುರಿಗೇ ಕುಳಿತಳು. ಒಂದು ಕೈ ತಾನಾಗಿ ಗದ್ದಕ್ಕೆ ಹೋಯಿತು.

“ಹಂಗಾರೆ ಅದಕ್ಕೆ ಹೆಸರು ಇದ್ದಾ?” ಎಂದಳು. ಗದ್ದದ ಮೇಲಿನ ಕೈ ತೆಗೆಯದೆಯೇ, “ಆನೊಬ್ಳೇ ಹಿಂಗೆ ಹೇಳಿ ತಿಳ್ಕಂಡಿದ್ದೆ” ಎಂದಳು.

ಬೆಳಗಿನ ಹಿತ್ತಿಲು, ಕನ್ನಡಿ, ಚಿಮಟ ಎಲ್ಲ ಒಮ್ಮೆಗೇ ನನ್ನ ಕಣ್ಣ ಮುಂದೆ ಬಂದವು. ಅವಳಿಗಿದ್ದದ್ದು ಇದೇ ಕಾಯಿಲೆಯೋ ಬೇರೆಯೋ, ಈಗ ಯಾವ ಡಾಕ್ಟರೂ ಹೇಳಲಾರರು. ಆದರೆ ಯಾವಾಗಲೂ ಒದಗುತ್ತಾಳೆ ಎಂದು ನಾವೆಲ್ಲ ಹೊಗಳಿದ್ದೆವಲ್ಲ, ಆ ಹೊಗಳಿಕೆಯನ್ನು ಕೇಳುತ್ತ ಅವಳು ಒಲೆಯ ಮುಂದೆ ಏನನ್ನು ನುಂಗಿಕೊಂಡಳೋ. ಅವಳ ಮಗ್ಗುಲಲ್ಲಿ ಗಿರಿಜಾ ಇರಲಿಲ್ಲ, ನಾಗವೇಣಿ ಇರಲಿಲ್ಲ. ಆಡುವುದಕ್ಕೆ ಒಂದು ಹೆಸರೂ ಇರಲಿಲ್ಲ. ನನಗೆ ಅಳು ಬಂತು, ಎಂಜಲು ಕೈಯಲ್ಲಿ ಒರೆಸಿಕೊಳ್ಳಲಾಗದೆ ಹಾಗೆಯೇ ಅತ್ತೆ. ದೊಡ್ಡಾಯಿ ಸೆರಗಿನಿಂದ ನನ್ನ ಮುಖ ಒರೆಸಿದಳು. ಆಮೇಲೆ ಒಂದು ಹೋಳಿಗೆ ತೆಗೆದು ಎರಡು ಭಾಗ ಮಾಡಿ, “ಅರ್ಧ ತಿನ್ನಲಕ್ಕ?” ಎಂದು ಕೇಳಿದಳು. ಬಡಿಸುವ ಮುಂಚೆ ಅವಳು ಕೇಳಿದ್ದು ಅದೇ ಮೊದಲು. ತಿಂದೆ. ಅಷ್ಟು ರುಚಿಯ ಹೋಳಿಗೆಯನ್ನು ಅದಕ್ಕೂ ಮುಂಚೆ ತಿಂದಿರಲಿಲ್ಲ.

ತೂಕ ಏನಾಯಿತು ಎಂದು ನೀವು ಕೇಳುತ್ತೀರಿ. ಇಳಿಯಿತು, ಏರಿತು, ಮತ್ತೆ ಇಳಿಯಿತು. ಘಟ್ಟದ ಬಸ್ಸಿನ ಹಾಗೆ. ಹತ್ತಲಿ ಇಳಿಯಲಿ, ಒಟ್ಟಿನಲ್ಲಿ ಹೋಗುತ್ತಿದೆ. ಗಿರಿಜಾ ಅಂಗಡಿಯನ್ನು ಹಾವೇರಿಗೆ ಒಯ್ದಳು. ನಾಗವೇಣಿ ಯಲ್ಲಾಪುರದಲ್ಲೇ ಡಾಕ್ಟರಿಗೆ ತೋರಿಸಿಕೊಳ್ಳುತ್ತಾಳೆ. ಫೋನಿನಲ್ಲಿ ದಿನವೂ ಇದ್ದಾರೆ, ಊಟದ ತಟ್ಟೆಯ ಫೋಟೊ ಬರುತ್ತದೆ, ಬೈಗುಳವೂ ಬರುತ್ತದೆ. ಆದರೆ ಬಸ್ಸಿಗೆ ಕಾಯುತ್ತ ನಡೆದ ಆ ಸಂಜೆಗಳು ಫೋನಿನಲ್ಲಿ ಬರುವುದಿಲ್ಲ. ಕೋಟೆಕೆರೆಯ ದಂಡೆಯ ಮೇಲೆ ನಾನು ಈಗಲೂ ನಡುವಿನಲ್ಲೇ ನಡೆಯುತ್ತೇನೆ, ಎರಡೂ ಕಡೆ ಜಾಗ ಬಿಟ್ಟು.

ಬಿಡುವಾದಾಗಲೆಲ್ಲ ದೊಡ್ಮನೆಗೆ ಹೋಗುತ್ತೇನೆ. ದೊಡ್ಡಾಯಿಗೆ ಈಗ ಕಣ್ಣು ಮಂಜು. ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಹಿತ್ತಿಲಿನ ಕಲ್ಲಿನ ಮೇಲೆ ಕುಳಿತು, “ತಂಗಿ, ಮುಳ್ಳು ಇದ್ದಾ ನೋಡು” ಎಂದು ಗದ್ದ ಎತ್ತಿ ಹಿಡಿಯುತ್ತಾಳೆ. ಈಗ ಕನ್ನಡಿ ಅಡಗಿಸುವುದಿಲ್ಲ. ನಾನು ಹಳೆಯ ಕಬ್ಬಿಣದ ಚಿಮಟದಿಂದ ಒಂದೊಂದಾಗಿ ಕೀಳುತ್ತೇನೆ. ಆಮೇಲೆ ಸರದಿ ನನ್ನದು. ಅವಳು ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು, ಬೆಳಕಿಗೆ ತಿರುಗಿಸಿ, ಬೆರಳಾಡಿಸಿ ಹುಡುಕುತ್ತಾಳೆ.

“ಎಂತದೂ ಇಲ್ಲೆ. ಚಂದ ಇದ್ದೆ” ಎನ್ನುತ್ತಾಳೆ.

ಅವಳಿಗೆ ಕಣ್ಣು ಕಾಣುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಆದರೂ ಆ ದಿನ ಚಿಮಟವನ್ನು ಪರ್ಸಿನಲ್ಲೇ ಬಿಟ್ಟು, ಅವಳ ಮಾತನ್ನು ನಂಬಿಕೊಂಡು ಶಿರಸಿಯ ಬಸ್ಸು ಹತ್ತುತ್ತೇನೆ.